ಡ್ರಿಲ್ ಬಿಟ್ಟಿಗೆ ಪರೀಕ್ಷೆ ಇಟ್ಟ ಅಕ್ಕೋರು

ನಮ್ಮ ಕಲ್ಲಿನ ಕ್ವಾರಿಯಲ್ಲಿ ಪ್ರತಿ ಶನಿವಾರ ಡ್ರಿಲ್ ಬಿಟ್‌ಗಳಿಗೆ ಪರೀಕ್ಷೆ ಇರುತ್ತಿತ್ತು. ಪರೀಕ್ಷೆ ಎಂದರೆ ಪರೀಕ್ಷೆಯೇ. ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಸರಿಯಾಗಿ, ತಗಡಿನ ಶೆಡ್ಡಿನ ಮುಂದಿನ ಕಟ್ಟೆಯ ಮೇಲೆ, ವಾರವಿಡೀ ಕಲ್ಲು ಕೊರೆದ ಬಿಟ್‌ಗಳನ್ನೆಲ್ಲ ತೊಳೆದು ಸಾಲಾಗಿ ಕೂರಿಸಿರಬೇಕು. ಅಕ್ಕೋರು ಕನ್ನಡಕ ಏರಿಸಿ ಒಂದೊಂದನ್ನೇ ಎತ್ತುತ್ತಿದ್ದರು. ತಿರುವಿ ನೋಡಿ, ಹೆಬ್ಬೆರಳಿನಿಂದ ಸವರಿ, ಸೀಮೆಸುಣ್ಣದಿಂದ ಅದರ ಮಗ್ಗುಲಿಗೆ ‘ಪಾಸ್’ ಅಥವಾ ‘ನಪಾಸ್’ ಎಂದು ಬರೆಯುತ್ತಿದ್ದರು. ಕೃಪಾಂಕ ಕೊಡುವ ಪದ್ಧತಿ ಅವರಲ್ಲಿ ಇರಲಿಲ್ಲ.

ಬಿಟ್ ಎಂದರೆ ಏನೆಂದು ಹೇಳಿಬಿಡುತ್ತೇನೆ. ಕಲ್ಲು ಕೊರೆಯುವ ಯಂತ್ರದ ಉದ್ದನೆಯ ರಾಡಿನ ತುದಿಗೆ ಸಿಗಿಸುವ ಉಕ್ಕಿನ ತಲೆ ಅದು. ಗಾತ್ರ ಒಂದು ಲಿಂಬಿಕಾಯಿಯಷ್ಟು. ಅದರ ಮುಖದಲ್ಲಿ ತೊಗರಿಕಾಳಿನಷ್ಟು ದಪ್ಪದ ಕಾರ್ಬೈಡಿನ ಗುಂಡಿಗಳನ್ನು ಕೂರಿಸಿರುತ್ತಾರೆ. ಒಂದೆರಡು ನಡುವೆ, ಉಳಿದವು ಅಂಚಿನ ಸುತ್ತ. ನಾವು ಅವನ್ನು ಕಾಳು ಎಂದೇ ಕರೆಯುತ್ತಿದ್ದೆವು. ಕಲ್ಲಿಗೆ ಬಡಿದು ಪುಡಿ ಮಾಡುವವು ಈ ಕಾಳುಗಳು. ಉಕ್ಕಿನ ಕೆಲಸ ಅವನ್ನು ಗಟ್ಟಿಯಾಗಿ ಹಿಡಿದುಕೊಂಡಿರುವುದಷ್ಟೇ. ಕಾರ್ಬೈಡ್ ಉಕ್ಕಿಗಿಂತ ಎಷ್ಟೋ ಗಡಸು. ಆದರೆ ಆಳಂದದ ಕಡೆಯ ಕರಿಕಲ್ಲಿಗೆ ಇದೇನೂ ಗೊತ್ತಿಲ್ಲ. ದಿನಾ ಬಡಿಯುತ್ತಿದ್ದರೆ ಗುಂಡಗಿದ್ದ ಕಾಳು ನೆತ್ತಿಯಲ್ಲಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದದ್ದು ಕಲ್ಲನ್ನು ಒಡೆಯುವುದಿಲ್ಲ, ಬರೀ ತಿಕ್ಕುತ್ತದೆ. ತಿಕ್ಕಿ ತಿಕ್ಕಿ ಕಾಯುತ್ತದೆ, ಕಾದು ಬಿರಿಯುತ್ತದೆ, ಒಂದು ದಿನ ತೂತಿನೊಳಗೇ ಮುರಿದು ಬಿದ್ದು, ಮುಂದೆ ಇಳಿಯುವ ಬಿಟ್ಟಿನ ಕಾಳುಗಳನ್ನೂ ಮುರಿಯುತ್ತದೆ.

ನಾನು ಆ ಕ್ವಾರಿಯಲ್ಲಿ ಮೇಟ್ ಆಗಿದ್ದೆ. ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ, ಸರ್ಟಿಫಿಕೇಟ್ ಪಡೆದ ಮನುಷ್ಯನಿಗೆ ಖಣಿಯಲ್ಲಿ ಮೇಟ್ ಎನ್ನುತ್ತಾರೆ. ಜಿಡಗಾ ಮಠಕ್ಕೆ ಹೋಗುವ ದಾರಿಯಲ್ಲಿ ಒಳಗೆ ಹೊರಳಿದರೆ ನಮ್ಮ ಕ್ವಾರಿ. ಕಲ್ಲು ಒಡೆದು, ಪಕ್ಕದ ಖಡಿ ಮಷಿನ್ನಿಗೆ ಹಾಕಿ, ರಸ್ತೆಗೆ ಜಲ್ಲಿ ಮಾಡಿ ಕಳಿಸುವುದು ಕೆಲಸ. ಮಾಲಕರು ಸಾವ್ಕಾರ್ರು, ಕರಜಗಿಯವರು. ಮೆತ್ತನೆಯ ಮನುಷ್ಯ. ಯಾರು ಏನು ಕೇಳಿದರೂ ಮೊದಲು ‘ಚಹಾ ಆತೇನು?’ ಎನ್ನುತ್ತಿದ್ದರು. ಚಹಾ ಆಗುವಷ್ಟರಲ್ಲಿ ಕೇಳಿದ್ದು ಇಬ್ಬರಿಗೂ ಮರೆತಿರುತ್ತಿತ್ತು.

ಅಕ್ಕೋರು ಅವರ ಹೆಂಡತಿ. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಅಫಜಲಪುರ ತಾಲೂಕಿನಲ್ಲೇ ಅವರ ನೌಕರಿಯೆಲ್ಲ ಕಳೆದಿತ್ತು. ಸೊನ್ನದ ಕಡೆ ಕೆಲವು ವರ್ಷ, ಕೊನೆಗೆ ಕರಜಗಿಯಲ್ಲಿ. ನಿವೃತ್ತಿಯ ದಿನ ಶಾಲು ಹೊದಿಸಿ, ‘ಇನ್ನು ಮುಂದೆ ವಿಶ್ರಾಂತಿ ಜೀವನ ಸುಖಕರವಾಗಲಿ’ ಎಂದು ಭಾಷಣ ಮಾಡಿದರಂತೆ. ಮರುದಿನ ಬೆಳಿಗ್ಗೆ ಅವರು ಬಸ್ಸಿಳಿದು, ಕೊಡೆ ಹಿಡಿದು, ಕ್ವಾರಿಯ ಗೇಟಿನೊಳಗೆ ನಡೆದು ಬಂದರು. ಸಾವ್ಕಾರ್ರು ಅದೇ ವಾರ ಮನೆಯಲ್ಲಿ ಕೂತು ಟಿ.ವಿ. ನೋಡುವ ಹುದ್ದೆಗೆ ಬಡ್ತಿ ಪಡೆದರು. ಅವರನ್ನು ಅಷ್ಟು ಸಂತೋಷದಲ್ಲಿ ನಾನು ಹಿಂದೆ ಕಂಡಿರಲಿಲ್ಲ.

ಬಂದವರು ನನ್ನನ್ನು ಕೇಳಿದ ಮೊದಲ ಮಾತು, “ತಮ್ಮಾ, ಇಲ್ಲಿ ಹಾಜರಿ ಯಾರು ತಗೋತಾರ?”

“ಹಾಜರಿ ಏನಿಲ್ರಿ ಅಕ್ಕೋರೆ. ಬಂದೋರು ಕಾಣಸ್ತಾರಲ್ರಿ.”

“ಕಾಣಸೋರೆಲ್ಲಾ ಬಂದಂಗ ಅಲ್ಲ.”

ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಸರು ಕರೆದರು. ಡ್ರಿಲ್ ಹಿಡಿಯುವ ಮಹಿಬೂಬನಿಗೆ ಮೊಮ್ಮಕ್ಕಳಿದ್ದರು. ಕಲ್ಲುಪುಡಿ ಮೆತ್ತಿಕೊಂಡ ಗಡ್ಡ, ಭುಜ ಎಂದರೆ ಎತ್ತಿನ ಭುಜ. ತನ್ನ ಹೆಸರು ಬಂದಾಗ ಅವನು ಬಲಗೈ ಮೇಲೆತ್ತಿ “ಹಾಜರ್ ಅದೀನ್ರಿ ಅಕ್ಕೋರೆ” ಎಂದ. ಯಾರೂ ನಗಲಿಲ್ಲ. ನಗಬಾರದು ಎಂದು ಹೇಗೋ ಎಲ್ಲರಿಗೂ ತಿಳಿದಿತ್ತು.

ಕಲ್ಲಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ಮುಚ್ಚಿಡುವ ಅಭ್ಯಾಸವೂ ಇರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಸವೆದ ಬಿಟ್‌ಗಳ ಗುಡ್ಡೆ ನೋಡಿ, “ಇವು ಯಾಕ ಸವೆದಾವ?” ಎಂದು ಮಹಿಬೂಬನನ್ನು ಕೇಳಿದರು.

“ಕಲ್ಲು ಗಟ್ಟಿ ಅದರಿ.”

“ಕಲ್ಲು ಮೊದಲಿಂದ ಗಟ್ಟಿನೇ ಅದ. ಅದು ಉತ್ತರ ಅಲ್ಲ. ಎಲ್ಲಾ ಬಿಟ್ಟೂ ಒಂದೇ ಕಲ್ಲಿಗಿ ಹೋಗ್ಯಾವ. ಒಂದು ಹಿಂಗ ಸವೆದದ, ಒಂದು ಹಂಗ ಸವೆದದ. ಯಾಕ?”

ಮಹಿಬೂಬ ನನ್ನ ಕಡೆ ನೋಡಿದ. ನಾನು ಕಂಪ್ರೆಸರಿನ ಕಡೆ ನೋಡಿದೆ.

ಮುಂದಿನ ದಿನಗಳಲ್ಲಿ ಅವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಡ್ರಿಲ್ಲಿನ ಎದುರು ಕೂತರು. ಕಿವಿಗೆ ಹತ್ತಿ, ಮುಖಕ್ಕೆ ಸೆರಗು. ಧೂಳು ಕಂಡು ಮೊದಲ ದಿನವೇ ನೀರಿಲ್ಲದೆ ಕೊರೆಯುವುದನ್ನು ನಿಲ್ಲಿಸಿದರು. ನೀರು ಬಿಟ್ಟರೆ ಕಾಳು ತಣ್ಣಗಿರುತ್ತದೆ, ಪುಡಿ ಹೊರಗೆ ಬರುತ್ತದೆ ಎನ್ನುವುದು ಅವರಿಗೆ ಆಮೇಲೆ ಗೊತ್ತಾಯಿತು. ಆಗ ಮಾತ್ರ ಅವರು, “ನಾ ನಿಮ್ಮ ಎದಿ ಸಲುವಾಗಿ ಹೇಳಿದ್ದೆ, ಬಿಟ್ಟಿಗೂ ಫಾಯದೆ ಆತು” ಎಂದರು. ಸೊಲ್ಲಾಪುರದಿಂದ ಬಿಟ್ ಮಾರಲು ಬರುವ ಏಜೆಂಟನನ್ನು ಕೂರಿಸಿಕೊಂಡು ಅರ್ಧ ದಿನ ಪ್ರಶ್ನೆ ಕೇಳಿದರು. ತಿಳಿಯದಿದ್ದರೆ, “ನಂಗ ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ” ಎನ್ನುತ್ತಿದ್ದರು. ಆ ಏಜೆಂಟ ಆಮೇಲೆ ನಮ್ಮ ಕ್ವಾರಿಗೆ ಬರುವಾಗ ಬುತ್ತಿ ಕಟ್ಟಿಕೊಂಡು ಬರತೊಡಗಿದ.

ಶನಿವಾರದ ಪರೀಕ್ಷೆ ಹೀಗೆ ಹುಟ್ಟಿತು. ಪರೀಕ್ಷೆಯ ಜೊತೆ ಪಾಠವೂ ಇರುತ್ತಿತ್ತು. ಬಿಟ್ ಒಂದನ್ನು ಎತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: “ನಡುವಿನ ಕಾಳು ನೋಡ್ರಿ, ಇನ್ನಾ ಗುಂಡಗ ಅದ. ಅಂಚಿನ ಕಾಳು ನೋಡ್ರಿ, ಸಪಾಟ. ಯಾಕಂದ್ರ ಬಿಟ್ ಒಂದು ಸುತ್ತು ತಿರುಗಿದ್ರ ನಡುವಿಂದು ಇದ್ದಲ್ಲೇ ಇರ್ತದ, ಅಂಚಿಂದು ಊರು ಸುತ್ತತದ. ಮ್ಯಾಲ ತೂತಿನ ಗ್ವಾಡಿಗೂ ಅದೇ ತಿಕ್ಕಬೇಕು.” ಆಮೇಲೆ ಒಬ್ಬನನ್ನು ಎಬ್ಬಿಸಿ, “ಏನ್ ಹೇಳ್ದೆ?” ಎಂದು ಕೇಳುತ್ತಿದ್ದರು. ಟಿಪ್ಪರ್ ಡ್ರೈವರುಗಳು ಶನಿವಾರ ಬೆಳಿಗ್ಗೆ ತಡವಾಗಿ ಬರುವುದನ್ನು ರೂಢಿ ಮಾಡಿಕೊಂಡರು.

ಒಂದು ಬೇಸಿಗೆಯಲ್ಲಿ ಜೇವರ್ಗಿ ಕಡೆ ರಸ್ತೆ ಅಗಲ ಮಾಡುವ ಕೆಲಸಕ್ಕೆ ನಮ್ಮ ಡ್ರಿಲ್ ಹೋಯಿತು. ಅಲ್ಲಿಯದು ಸುಣ್ಣದ ಕಲ್ಲು. ಮನೆಯ ನೆಲಕ್ಕೆ ಹಾಸುವ ಪರಸಿ ಕಲ್ಲು ಬರುತ್ತದಲ್ಲ, ಅದೇ ಜಾತಿ; ನಮ್ಮ ಕರಿಕಲ್ಲಿನ ಮುಂದೆ ಮೆತ್ತಗೆ. ಮಹಿಬೂಬ ಹಲವು ದಿನ ಅಲ್ಲೇ ಇದ್ದು, ಮರಳಿ ಬಂದಾಗ ಬಿಟ್‌ಗಳನ್ನು ತಾನೇ ಕಟ್ಟೆಯ ಮೇಲೆ ಜೋಡಿಸಿದ. ಕಾಳುಗಳು ಮೂಗುತಿಯ ಹಾಗೆ ಹೊಳೆಯುತ್ತಿದ್ದವು. ಸವೆತವೇ ಇರಲಿಲ್ಲ.

“ನೋಡ್ರಿ ಅಕ್ಕೋರೆ. ಹೊಸಾವು ಇದ್ದಂಗ ಅದಾವ.”

ಅಕ್ಕೋರು ಪೇಪರ್ ಓದುವ ಭೂತಗನ್ನಡಿ ತೆಗೆದು ಒಂದೊಂದನ್ನೇ ನೋಡಿದರು. ಎಲ್ಲದರ ಮೇಲೂ ‘ನಪಾಸ್’ ಎಂದು ಬರೆದರು.

ಮಹಿಬೂಬನ ಮುಖ ಬಿತ್ತು. “ಇದು ಜುಲುಮಿ ಆತ್ರಿ.”

ಅವನ ಕೈಗೆ ಭೂತಗನ್ನಡಿ ಕೊಟ್ಟರು. ಅವನು ನೋಡಿ ನನಗೆ ಕೊಟ್ಟ. ಹೊಳೆಯುವ ಕಾಳಿನ ಮೈಯೆಲ್ಲ ಸಣ್ಣ ಸಣ್ಣ ಬಿರುಕು, ಬೇಸಿಗೆಯಲ್ಲಿ ಕಪ್ಪು ಮಣ್ಣಿನ ಎರಿ ಹೊಲ ಬಿರಿದ ಹಾಗೆ. ಏಜೆಂಟ ಹೇಳಿದ್ದನ್ನು ಅಕ್ಕೋರು ನಮಗೆ ಹೇಳಿದರು. ಕರಿಕಲ್ಲಿನಲ್ಲಾದರೆ ಪೆಟ್ಟು ತಿಂದ ಮೇಲ್ಮೈ ಸವೆದು ಹೋಗುತ್ತ, ಒಳಗಿನಿಂದ ಹೊಸದು ಬರುತ್ತ ಇರುತ್ತದೆ. ಮೆತ್ತನೆಯ ಕಲ್ಲಿನಲ್ಲಿ ಮೈ ಸವೆಯುವುದಿಲ್ಲ. ತಿಂದ ಪೆಟ್ಟೆಲ್ಲ ಅಲ್ಲೇ ಕೂತಿರುತ್ತದೆ. ಸುಮ್ಮನೆ ಕರಿಕಲ್ಲಿಗೆ ಹಚ್ಚಿದರೆ ಪಟ್ಟನೆ ಒಡೆಯುತ್ತದೆ.

ಮಹಿಬೂಬ ನಂಬಲಿಲ್ಲ. ಒಂದನ್ನು ರಾಡಿಗೆ ಸಿಗಿಸಿ, ಎಲ್ಲರ ಎದುರು ಕೊರೆಯಲು ನಿಂತ. ಅಕ್ಕೋರು ತಡೆಯಲಿಲ್ಲ, ಶೇಂಗಾ ಸುಲಿಯುತ್ತ ಕೂತರು. ಮೊಳದಷ್ಟು ಇಳಿದಿರಬಹುದು, ಡ್ರಿಲ್ಲಿನ ಸದ್ದು ಬದಲಾಯಿತು. ರಾಡ್ ಎಳೆದು ನೋಡಿದರೆ ಅಂಚಿನ ಕಾಳುಗಳಲ್ಲಿ ಅರ್ಧ ಇರಲೇ ಇಲ್ಲ. ಅವನು ಬಿಟ್ ಬಿಚ್ಚಿ ತಂದು, ಕಟ್ಟೆಯ ಮೇಲೆ ನಪಾಸಾದವುಗಳ ಸಾಲಿನಲ್ಲಿ ಇಟ್ಟ.

“ಶೇಂಗಾ ತಗೋ” ಎಂದರು ಅಕ್ಕೋರು.

ಇಷ್ಟು ಹೇಳಿದರೆ ಅಕ್ಕೋರಿಗೆ ತಪ್ಪೇ ಆಗುತ್ತಿರಲಿಲ್ಲ ಎಂದು ಅನಿಸಬಹುದು. ಅವರೇ ಅದನ್ನು ಒಪ್ಪುತ್ತಿರಲಿಲ್ಲ. ಒಂದು ದಿನದ ಮಾತು ಹೇಳುತ್ತೇನೆ.

ಮಳೆಗಾಲದ ಮುಂಚೆ ಜಲ್ಲಿಗೆ ಬಹಳ ಅವಸರವಿತ್ತು. ರಸ್ತೆ ಗುತ್ತಿಗೆದಾರರ ಕಡೆಯ ಸೂಪರ್‌ವೈಸರ್ ಒಬ್ಬ ನಮ್ಮ ಕ್ವಾರಿಯಲ್ಲೇ ಠಿಕಾಣಿ ಹೂಡಿ, ಪ್ರತಿ ಟಿಪ್ಪರಿಗೂ ಶಿಳ್ಳೆ ಹಾಕುತ್ತಿದ್ದ. ಆವತ್ತು ಮಧ್ಯಾಹ್ನ ಮಹಿಬೂಬ ಕೊರೆದ ತೂತುಗಳಿಗೆ ಶರಣಪ್ಪ ಮದ್ದು ತುಂಬುತ್ತಿದ್ದ. ಶರಣಪ್ಪ ನಮ್ಮ ಬ್ಲಾಸ್ಟರ್. ಮದ್ದು ತುಂಬಿ ಸಿಡಿಸುವವನು. ಮೊದಲನೆಯ ತೂತಿಗೇ ಡಿಟೋನೇಟರ್ ಚುಚ್ಚಿದ ಜಿಲೆಟಿನ್ ಕಡ್ಡಿ ಇಳಿಬಿಟ್ಟು, ಕಟ್ಟಿಗೆಯ ಕೋಲಿನಿಂದ ಮೆಲ್ಲಗೆ ದೂಡಿದ. ಕಡ್ಡಿ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಮುಂದೂ ಹೋಗಲಿಲ್ಲ, ಹಿಂದೂ ಬರಲಿಲ್ಲ.

ಕಾರಣ ನನಗೆ ಅಲ್ಲೇ ಹೊಳೆಯಿತು. ತೂತಿನ ಬಾಯಿ ಸರಿಯಾಗಿತ್ತು. ಕೆಳಗೆ ಹೋದಂತೆ ಬಿಟ್ಟಿನ ಅಂಚಿನ ಕಾಳು ಸವೆದು, ತೂತು ಸಣ್ಣದಾಗುತ್ತ ಹೋಗಿತ್ತು. ಕಡ್ಡಿ ಹಿಡಿಯುವಷ್ಟು ಅಗಲ ತಳದಲ್ಲಿ ಇರಲಿಲ್ಲ.

ಶರಣಪ್ಪ ಕೋಲು ತೆಗೆದು ಹಿಂದೆ ಸರಿದ. ಅವನ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. “ಮೇಟ್ ಸಾಹೇಬ್ರ, ಇದನ್ನ ಮುಟ್ಟಂಗಿಲ್ರಿ. ಎಲ್ಲಾರನ್ನೂ ದೂರ ಕಳಸ್ರಿ.”

ಸೂಪರ್‌ವೈಸರ್ ಓಡಿ ಬಂದ. ಅವನಿಗೆ ಮದ್ದಿನ ಕೆಲಸ ಗೊತ್ತಿರಲಿಲ್ಲ, ಟಿಪ್ಪರ್ ನಿಂತದ್ದು ಮಾತ್ರ ಗೊತ್ತಿತ್ತು. “ಏ, ಇಷ್ಟಕ್ಕ ಕೆಲಸ ಬಂದ್ ಮಾಡ್ತೀರೇನ್ರಿ? ಎರಡು ಏಟು ಹಾಕಿದ್ರ ಇಳೀತದ” ಎನ್ನುತ್ತ, ಬಿದ್ದಿದ್ದ ಡ್ರಿಲ್ಲಿನ ಕಬ್ಬಿಣದ ರಾಡ್ ಎತ್ತಿಕೊಂಡು ತೂತಿನ ಕಡೆ ನಡೆದೇಬಿಟ್ಟ. ಡಿಟೋನೇಟರ್ ಇದ್ದ ಕಡ್ಡಿಯ ಮೇಲೆ ಕಬ್ಬಿಣದ ಏಟು ಬಿದ್ದರೆ ಅಲ್ಲೇ ಸಿಡಿಯುತ್ತದೆ. ನಾನು ಕೂಗಿದೆ. ಏನು ಕೂಗಿದೆನೋ, ಖಡಿ ಮಷಿನ್ನಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

ಅಕ್ಕೋರು ಶೆಡ್ಡಿನಿಂದ ಇದನ್ನು ನೋಡಿದ್ದರು. ಅವರ ಬಲ ಮೊಣಕಾಲು ಆಗಲೇ ಕೆಟ್ಟಿತ್ತು. ಆದರೂ ಹೇಗೆ ಬಂದರೋ, ಬಂದು ತೂತಿಗೂ ಅವನಿಗೂ ನಡುವೆ ನಿಂತರು. ಕೂಗಲಿಲ್ಲ.

“ಕೈ ಮುಂದ ಮಾಡು.”

ಅವನು ರಾಡನ್ನು ಎಡಗೈಗೆ ಬದಲಾಯಿಸಿ ಬಲಗೈ ಮುಂದೆ ಮಾಡಿದ. ಯಾಕೆ ಮಾಡಿದನೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ. ಹೊಡೆಯುತ್ತಾರೆಂದು ಕಣ್ಣು ಸ್ವಲ್ಪ ಮುಚ್ಚಿದ್ದ. ಅಕ್ಕೋರು ಅವನ ಅಂಗೈಯಲ್ಲಿ ತಮ್ಮ ಸೀಮೆಸುಣ್ಣದ ತುಂಡು ಇಟ್ಟು, ರಾಡ್ ತಾವು ತೆಗೆದುಕೊಂಡರು.

“ಗೇಟಿನ ಬಾಜೂಕ ಗ್ವಾಡಿ ಅದ. ಅದರ ಮ್ಯಾಲ ಬರಿ: ಮದ್ದಿನ ಹತ್ತರ ಕಬ್ಬಿಣ ತರಂಗಿಲ್ಲ. ದುಂಡಗ ಬರಿ. ಹೋಗು.”

ಅವನು ಹೋದ.

ಖಡಿ ಮಷಿನ್ ಬಂದ್ ಮಾಡಿಸಿ ಎಲ್ಲರನ್ನೂ ಗೇಟಿನಾಚೆ ಕಳಿಸಿದೆವು. ಸಿಕ್ಕ ಕಡ್ಡಿಯನ್ನು ಎಳೆಯಬಾರದು, ದೂಡಬಾರದು. ಇದ್ದಲ್ಲೇ ದೂರದಿಂದ ಸಿಡಿಸುವುದೆಂದು ಶರಣಪ್ಪ ನಿರ್ಧರಿಸಿದ. ವೈರ್ ಎಳೆದುಕೊಂಡು ನಾವಿಬ್ಬರೂ ಬಂಡೆಯ ಮರೆಗೆ ಬಂದೆವು. ಆದರೆ ಅಕ್ಕೋರು ಇನ್ನೂ ನಡೆಯುತ್ತಿದ್ದರು. ಎಲ್ಲರೂ ಹೋದ ಮೇಲೆ ಹೊರಟವರು ಅವರು. ಬರುವಾಗ ಇದ್ದ ಓಟ ಹೋಗುವಾಗ ಇರಲಿಲ್ಲ. ರಾಡನ್ನೇ ಊರಿಕೊಂಡು, ಒಂದು ಕಾಲು ಎಳೆಯುತ್ತ, ನಡುವೆ ನಿಂತು ಸೆರಗು ಸರಿ ಮಾಡಿಕೊಂಡು ಮತ್ತೆ ನಡೆದರು. ಎತ್ತಿಕೊಂಡು ಬರಲೆಂದು ನಾನು ಎದ್ದೆ. ಶರಣಪ್ಪ ಅಂಗಿ ಹಿಡಿದು ಕೂರಿಸಿ, “ಬಯ್ತಾರ, ಕೂಡ್ರಿ” ಎಂದ. ಅಷ್ಟು ಉದ್ದದ ನಡಿಗೆಯನ್ನು ನಾನು ಮತ್ತೆ ನೋಡಿಲ್ಲ.

ಅವರು ಮರೆಯಾದ ಮೇಲೆ ಸಿಡಿಸಿದೆವು. ಅರ್ಧದಲ್ಲೇ ಸಿಕ್ಕ ಮದ್ದು ಬಂಡೆಯನ್ನು ಮುಂದಕ್ಕೆ ಒಡೆಯದೆ ಮೇಲಕ್ಕೆ ಎಸೆಯಿತು. ಕಲ್ಲುಗಳು ಎಷ್ಟೋ ಎತ್ತರ ಹೋದವು; ಒಂದು ಕಲ್ಲು ಶೆಡ್ಡಿನ ತಗಡು ಹರಿದು ಒಳಗೆ ಬಿತ್ತು. ಹೊಗೆ ತಿಳಿಯಾದಾಗ, ಸೂಪರ್‌ವೈಸರ್ ನಿಲ್ಲಲಿದ್ದ ಜಾಗದಲ್ಲಿ ಒಂದು ಕುಳಿ ಇತ್ತು. ಗೋಡೆಯ ಮೇಲೆ ಅವನು ಅರ್ಧ ವಾಕ್ಯ ಬರೆದಿದ್ದ. ಕುಳಿ ನೋಡಿ ಬಂದು ಉಳಿದರ್ಧ ಬರೆದ.

ಚಹಾ ಕೊಟ್ಟಾಗ ಅಕ್ಕೋರು ಗ್ಲಾಸು ತೆಗೆದುಕೊಳ್ಳಲಿಲ್ಲ. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಇದ್ದರು. “ಆಮ್ಯಾಲ ಕುಡೀತೇನಿ” ಎಂದರು. ನಾವು ಬೇರೆ ಕಡೆ ನೋಡಿದೆವು.

ಮರುದಿನ ಬಂದು, ಹಾಜರಿ ಮುಗಿಸಿ, “ಆ ತೂತಿಗಿ ಹಚ್ಚಿದ್ದು ಯಾವ ಬಿಟ್?” ಎಂದರು.

ಮಹಿಬೂಬ ಚೀಲದಿಂದ ತೆಗೆದು ಕಟ್ಟೆಯ ಮೇಲೆ ಇಟ್ಟ. ಅದರ ಮಗ್ಗುಲಲ್ಲಿ ಅವರದೇ ಅಕ್ಷರ, ಅರ್ಧ ಅಳಿಸಿದ ‘ನಪಾ’. ನಪಾಸಾದ ಬಿಟ್ ಕದ್ದು ಹಚ್ಚಿದವನನ್ನು ಅವರು ಬಿಡುವುದಿಲ್ಲ ಎಂದು ನಮಗೆಲ್ಲ ಖಾತ್ರಿ ಇತ್ತು. ಮಹಿಬೂಬ ಟವೆಲ್, ಬುತ್ತಿ ಡಬ್ಬಿ ಎಲ್ಲ ಚೀಲಕ್ಕೆ ಹಾಕಿಕೊಂಡೇ ನಿಂತಿದ್ದ.

“ಯಾಕ ಹಚ್ಚಿದಿ?”

“ಬ್ಯಾರೆ ಇರಲಿಲ್ರಿ.”

“ಪಾಸ್ ಆದವು?”

“ಅವು ಗುರುವಾರಕ್ಕೇ ಹೋದವ್ರಿ. ಹೊಸಾವು ಬಂದಿಲ್ಲ. ಕಲ್ಲು ಬೇಕು, ಕಲ್ಲು ಬೇಕು ಅಂತ ಎಲ್ಲಾರೂ ಜೀವ ತಿನ್ನಾಕತ್ತಿದ್ರು. ನಾ ಏನ್ ಮಾಡ್ಲ್ರಿ ಅಕ್ಕೋರೆ? ಬೆರಳಿಲೆ ಕೊರೀಲೇನ್ರಿ?”

ಮಹಿಬೂಬ ಅವರೆದುರು ದನಿ ಎತ್ತಿದ್ದು ಅದೊಂದೇ ಸಲ. ಅಕ್ಕೋರು ಆ ಬಿಟ್ ಕೈಗೆ ತೆಗೆದುಕೊಂಡು, ಉಳಿದ ಅಕ್ಷರವನ್ನು ಹೆಬ್ಬೆರಳಿನಿಂದ ಒರೆಸಿದರು. ಆಮೇಲೆ ನಮಗೆಲ್ಲ ಕೇಳುವ ಹಾಗೆ ಹೇಳಿದರು:

“ಸಾಲ್ಯಾಗ ನಪಾಸ್ ಆದ ಹುಡುಗನ್ನ ಮನಿಗಿ ಕಳಸ್ತಿದ್ದಿಲ್ಲ ನಾ. ಮರುದಿನ ಮತ್ತ ಕುಂಡ್ರಿಸಿ ಕಲಸ್ತಿದ್ದೆ. ಇಲ್ಲಿ ಬರೇ ನಪಾಸ್ ಅಂತ ಬರದು ಕೈ ತೊಳಕೊಂಡೆ. ಮುಂದ ಏನಂತ ಹೇಳ್ಲಿಲ್ಲ, ಕೊಡ್ಲಿಲ್ಲ. ತಪ್ಪು ನಂದು. ಮಹಿಬೂಬ, ಚೀಲ ಒಳಗ ಇಡು.”

ಅವತ್ತೇ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋದರು. ಹೊಸ ಬಿಟ್‌ಗಳ ಜೊತೆ, ಸವೆದ ಕಾಳನ್ನು ಮತ್ತೆ ದುಂಡಗೆ ಮಾಡುವ ಗ್ರೈಂಡರನ್ನೂ ತಂದರು. ಕಾರ್ಬೈಡನ್ನು ಸಾದಾ ಕಲ್ಲಿನ ಚಕ್ರ ಏನೂ ಮಾಡಲಾರದು. ವಜ್ರದ ಪುಡಿ ಹಚ್ಚಿದ ಚಕ್ರವೇ ಬೇಕು. ಅದನ್ನು ಹಿಡಿಯಲು ಮಹಿಬೂಬನಿಗೂ ಕಲಿಸಿದರು, ತಾವೂ ಕಲಿತರು. ಮೊದಲ ವಾರ ಇಬ್ಬರೂ ಸೇರಿ ಬಹಳ ಬಿಟ್ ಹಾಳು ಮಾಡಿದರು. ಕೈ ಕುದುರಿದ ಮೇಲೆ ಮೂಲೆಯ ಹಳೆಯ ಗುಡ್ಡೆಯನ್ನೆಲ್ಲ ಹೊರಗೆ ತೆಗೆಸಿ, ಉಜ್ಜಿಸಿ, ಪೂರಕ ಪರೀಕ್ಷೆ ನಡೆಸಿದರು. ಜೇವರ್ಗಿಯಿಂದ ಹೊಳೆಯುತ್ತ ಬಂದವುಗಳ ಬಿರಿದ ಮೈಯನ್ನು ತೆಳ್ಳಗೆ ಉಜ್ಜಿ ತೆಗೆದಾಗ ಒಳಗೆ ಗಟ್ಟಿ ಕಾಳೇ ಇತ್ತು. ಬಹುತೇಕ ಎಲ್ಲವೂ ಪಾಸಾದವು.

ಬಿಟ್ ಎಷ್ಟು ಸಣ್ಣದಾಗಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲವಲ್ಲ, ಅದಕ್ಕೆ ಆಳಂದದ ಲೇಥಿನಲ್ಲಿ ಒಂದು ಕಬ್ಬಿಣದ ಬಳೆ ಮಾಡಿಸಿದರು. ಬಿಟ್ ಬಳೆಯೊಳಗೆ ತೂರಿದರೆ ನಪಾಸ್, ತೂರದಿದ್ದರೆ ಪಾಸ್. ಒಂದು ವರ್ಷ ಚಂದ ನಡೆಯಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲವೂ ನಪಾಸ್ ಆಗತೊಡಗಿದವು. ಕೊನೆಗೆ ಡಬ್ಬಿಯಿಂದ ತೆಗೆದ ಹೊಚ್ಚಹೊಸ ಬಿಟ್ಟೂ ಸರಾಗವಾಗಿ ತೂರಿ ನಪಾಸ್ ಆಯಿತು. ಏಜೆಂಟನನ್ನು ಕರೆಸಿ ಬಯ್ದರು. ಅವನು ಅಳತೆಯ ಪಟ್ಟಿ ತೆಗೆದು ಬಿಟ್ ಅಳೆದ, ಸರಿ ಇತ್ತು. ಬಳೆ ಅಳೆದ. ದಿನಾ ಗಡಸು ಕಾಳು ತಿಕ್ಕಿಸಿಕೊಂಡು ಬಳೆಯೇ ಸವೆದು ಅಗಲವಾಗಿತ್ತು.

ಅಕ್ಕೋರು ಬಳೆಯನ್ನು ತಿರುವಿ ತಿರುವಿ ನೋಡಿದರು. “ನೋಡು ತಮ್ಮಾ, ಪರೀಕ್ಷಾ ತಗೊಳ್ಳೋರೂ ಸವೀತಾರ” ಎಂದು ನನಗೆ ಹೇಳಿ, ಏಜೆಂಟನಿಗೆ, “ತಪ್ಪಾತ್ರಿ. ಊಟ ಮಾಡ್ಕೊಂಡು ಹೋಗ್ರಿ” ಎಂದರು. ಅವನು ಬುತ್ತಿ ತಂದಿದ್ದ. ಆದರೂ ಕೂತು ಉಂಡ.

ಮೊಣಕಾಲು ಪೂರಾ ಕೈಕೊಟ್ಟಾಗ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಕೀಲು ಬದಲಾಯಿಸಿದರು. ನಾನೂ ಸಾವ್ಕಾರ್ರೂ ಜೊತೆಗಿದ್ದೆವು. ಡಾಕ್ಟರು ಲೋಹದ ಕೀಲಿನ ಮಾದರಿಯೊಂದನ್ನು ತೋರಿಸಿ ಧೈರ್ಯ ಹೇಳುತ್ತಿದ್ದರು. ಅಕ್ಕೋರು ಅದನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಸವರಿ ಕೇಳಿದರು:

“ಇದು ಎಲ್ಲಿ ಮೊದಲ ಸವೀತದ್ರಿ? ಅಂಚಿಗೋ, ನಡುವೋ?”

ಡಾಕ್ಟರು ನಕ್ಕು, “ಅದರ ಚಿಂತಿ ಬಿಡ್ರಿ ಅವ್ವಾರೆ, ನಿಮಗ ಸಾಯೋ ತನಕ ಬರ್ತದ” ಎಂದರು.

“ನಾ ಯಾವಾಗ ಸಾಯ್ತೇನಿ ಅಂತ ಕೇಳ್ಲಿಲ್ರಿ. ಇದು ಎಲ್ಲಿ ಸವೀತದ ಅಂತ ಕೇಳ್ದೆ.”

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು, ಸರಿಯಾಗಿ ವಿವರಿಸಿದರು. ಸಾವ್ಕಾರ್ರು ನನ್ನ ಕಿವಿಯಲ್ಲಿ, “ಚಹಾ ಎಲ್ಲಿ ಸಿಗ್ತದ ನೋಡು, ಇದು ಲಗೂನ ಮುಗಿಯಂಗಿಲ್ಲ” ಎಂದರು.

ಆಪರೇಷನ್ ಆದ ಮೇಲೆ ಕೋಲು ಹಿಡಿದು ಕೆಲವು ವರ್ಷ ಬಂದರು. ಆಮೇಲೆ ಬಸ್ಸಿನ ಮೆಟ್ಟಿಲು ಆಗದೆ, ಕರಜಗಿಯಲ್ಲೇ ಉಳಿದರು. ಶನಿವಾರದ ಪರೀಕ್ಷೆಯನ್ನು ಮಹಿಬೂಬನಿಗೆ ಒಪ್ಪಿಸಿದರು. ಅವನು ಅಕ್ಕೋರಿಗಿಂತ ಖಡಕ್ ಎಂದು ಮೊದಲ ವಾರವೇ ಗೊತ್ತಾಯಿತು. ಆಗ ಡ್ರಿಲ್ ಹಿಡಿಯುತ್ತಿದ್ದವನು ಅವನ ಸ್ವಂತ ಅಳಿಯ. ಆ ಅಳಿಯ ಅಕ್ಕೋರಿಗೆ ಫೋನ್ ಮಾಡಿ ದೂರು ಹೇಳಿದನಂತೆ. ಅಕ್ಕೋರು, “ನನ್ನ ಬಗ್ಗೆನೂ ಹಂಗೇ ಅನ್ನಸ್ತಿತ್ತೇನು ಎಲ್ಲಾರಿಗೂ?” ಎಂದು ಕೇಳಿದರಂತೆ.

ಹೋದ ಬೇಸಿಗೆಯಲ್ಲಿ, ನಸುಕಿನಲ್ಲಿ ಅಕ್ಕೋರು ನಿದ್ದೆಯಲ್ಲೇ ಹೋದರು. ಅವರ ಅಣ್ಣನ ಮಗ ಫೋನ್ ಮಾಡಿ ತಿಳಿಸಿದ. ನಾನು, ಮಹಿಬೂಬ ಜೀಪು ಹತ್ತುವಷ್ಟರಲ್ಲಿ ಅವನದೇ ಇನ್ನೊಂದು ಫೋನ್ ಬಂತು. ಮಣ್ಣು ಮಾಡಲು ಕುಣಿ ತೋಡುತ್ತಿದ್ದವರಿಗೆ ಸೊಂಟದಾಳದಲ್ಲೇ ಕಲ್ಲು ಹತ್ತಿದೆ, ಏನು ಮಾಡಬೇಕೋ ತಿಳಿಯುತ್ತಿಲ್ಲ ಎಂದ. ಮಹಿಬೂಬ ಜೀಪಿನಿಂದ ಕೆಳಗಿಳಿದ. ಡ್ರಿಲ್, ರಾಡು, ಸೀಳುವ ಬೆಣೆಗಳು, ಬಿಟ್‌ಗಳ ಒಡೆಯದ ಹೊಸ ಡಬ್ಬಿ ಒಂದನ್ನು ತಂದು ಜೀಪಿಗೆ ಹಾಕಿದ. ಡ್ರಿಲ್ಲಿಗೆ ಗಾಳಿ ಕೊಡುವ ಟ್ರ್ಯಾಕ್ಟರಿನ ಕಂಪ್ರೆಸರ್ ಒಂದನ್ನು ಅಫಜಲಪುರದಿಂದ ಕರೆಸಲು ನಾನು ಹೇಳಿದೆ.

ನಾವು ಮುಟ್ಟಿದಾಗ ಹೊಲದಲ್ಲಿ ವಾದ ನಡೆದಿತ್ತು. ಆಚೆ ಕಬ್ಬಿನ ಹೊಲದಲ್ಲಿ ಎರಿ ಮಣ್ಣು ಆಳವಾಗಿದೆ, ಅಲ್ಲಿ ಮಣ್ಣು ಮಾಡಿದರೆ ತೊಂದರೆಯೇ ಇಲ್ಲ ಎಂದು ಬೀಗರು ಹೇಳುತ್ತಿದ್ದರು. ಜೀವನದಲ್ಲಿ ಯಾವುದಕ್ಕೂ ಹಟ ಮಾಡದ ಸಾವ್ಕಾರ್ರು ಕಲ್ಲು ಹತ್ತಿದ ಕುಣಿಯ ಹತ್ತಿರ ನಿಂತು, “ಆಕಿ ಜಾಗಾ ತೋರ್ಸ್ಯಾಳ. ಇಲ್ಲಿ ಸಾಲಿ ಗಂಟಿ ಕೇಳಸ್ತದ. ಇಲ್ಲೇ” ಎಂದರು. ಚಹಾದ ಮಾತು ಆವತ್ತು ಅವರ ಬಾಯಲ್ಲಿ ಬರಲಿಲ್ಲ.

ಮಹಿಬೂಬ ಅಂಗಿ ತೆಗೆದಿಟ್ಟು ಕುಣಿಯಲ್ಲಿ ಇಳಿದ. ಹಿರಿಯರೊಬ್ಬರು, ಇಳಿಯಲಿಕ್ಕೆ ನಮ್ಮವರು ಯಾರೂ ಇಲ್ಲವೇನು ಎಂದು ಮೆಲ್ಲಗೆ ಅಂದರು.

“ಅದಾರಲ್ರಿ, ಬೇಕಾದಷ್ಟು ಮಂದಿ ಅದಾರ” ಎಂದರು ಸಾವ್ಕಾರ್ರು. “ಅವರಿಗಿ ಡ್ರಿಲ್ ಬರಂಗಿಲ್ಲ.”

ಮದ್ದು ಹಾಕುವ ಪ್ರಶ್ನೆಯೇ ಇರಲಿಲ್ಲ. ಅಂಚಿನುದ್ದಕ್ಕೂ ಒತ್ತೊತ್ತಾಗಿ ತೂತು ಕೊರೆದು, ಬೆಣೆ ಬಡಿದು ಸೀಳಿ, ತುಂಡು ತುಂಡಾಗಿ ಕಲ್ಲು ಎತ್ತಬೇಕು. ಮನೆಯ ಅಂಗಳದಲ್ಲಿ ಅಕ್ಕೋರನ್ನು ಕೂರಿಸಿ ಭಜನೆ ನಡೆದಿತ್ತು. ಹೊಲದಲ್ಲಿ ಕಂಪ್ರೆಸರಿನ ಸದ್ದು. ಅವರ ಕೈಯಲ್ಲಿ ಕಲಿತ, ಈಗ ಹಲ್ಲು ಬಿದ್ದ ಗಂಡಸರು ನಾಕೈದು ಮಂದಿ ಕೊಡದಿಂದ ತೂತಿಗೆ ನೀರು ಹಾಕುತ್ತ ನಿಂತರು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಕೊರೆದಷ್ಟೂ ಕರಿಕಲ್ಲು ನೀಲಿಯಾಗುತ್ತ, ಗಟ್ಟಿಯಾಗುತ್ತ ಹೋಯಿತು. ನಾನು ಇಳಿಯುತ್ತೇನೆ, ನೀನು ದಣಿದಿದ್ದೀ ಎಂದರೆ ಮಹಿಬೂಬ ಬೇಡವೆಂದು ತಲೆ ಅಲ್ಲಾಡಿಸಿದ.

ಬೇಕಾದಷ್ಟು ಆಳ ಬಂದ ಮೇಲೂ ಅವನು ನಿಲ್ಲಿಸಲಿಲ್ಲ. ಡ್ರಿಲ್ ಮೇಲೆ ಕೊಟ್ಟು, ಉಳಿ ಸುತ್ತಿಗೆ ಇಸಕೊಂಡು, ಗೋಡೆಯ ಒಂದೊಂದು ಮೂಲೆಯನ್ನೂ ನೇರ ಮಾಡತೊಡಗಿದ. ಎಲ್ಲೋ ಒಂದು ಉಬ್ಬು ಕಂಡರೆ ಅದನ್ನು ಕೆತ್ತಿ, ಅಂಗೈಯಿಂದ ಸವರಿ, ಮತ್ತೆ ಕೆತ್ತುತ್ತಿದ್ದ. ಭಜನೆ ಹೊಲದ ಕಡೆ ಹೊರಟ ಸದ್ದು ಕೇಳಿಸಿತು. ಶಾಸ್ತ್ರ ಮಾಡಿಸಲು ಬಂದ ಅಯ್ಯನೋರು ಹೊತ್ತು ನೋಡಿ ಕೆಮ್ಮಿದರು. ಯಾರೂ ಅವನಿಗೆ ಹೇಳಲು ಮುಂದಾಗಲಿಲ್ಲ.

ಸಾವ್ಕಾರ್ರೇ ಕುಣಿಯ ದಂಡೆಗೆ ಬಂದು ಬಗ್ಗಿದರು.

“ಮಹಿಬೂಬ, ಸಾಕು. ಮ್ಯಾಲ ಬಾ. ಇನ್ನ ಆಕಿಗಿ ಜಾಗಾ ಬಿಡು.”

ಸುತ್ತಿಗೆ ನಿಂತಿತು. ಮಹಿಬೂಬ ತಳದಲ್ಲಿ ಉಳಿದ ಕಲ್ಲಿನ ಚೂರುಗಳನ್ನೆಲ್ಲ ಬಳಿದು, ತನ್ನ ಟವೆಲ್ಲಿನಲ್ಲಿ ಗಂಟು ಕಟ್ಟಿ ಮೊದಲು ಅದನ್ನು ಮೇಲೆ ಕೊಟ್ಟ. ಆಮೇಲೆ ಕೈ ಕೊಟ್ಟ. ಒಂದು ಕಡೆ ನಾನು, ಇನ್ನೊಂದು ಕಡೆ ಆ ಹಿರಿಯರು ಹಿಡಿದು ಅವನನ್ನು ಮೇಲೆ ಎಳೆದುಕೊಂಡೆವು.